ಬೆಂಗಳೂರಿನಲ್ಲಿ ಮನೆ: ಕೊಳ್ಳುವ ಮೊದಲು ಬಡಾವಣೆಯ ಜಾತಕ

ಬೆಂಗಳೂರಿನಲ್ಲಿ ಮನೆ ಹುಡುಕಲು ಹೊರಟವರು ಮೊದಲು ಕೇಳುವುದು ಚದರಡಿಗೆ ಎಷ್ಟು ಎಂದು. ಆಮೇಲೆ ಮೆಟ್ರೊ ಎಷ್ಟು ದೂರ, ಬಾಗಿಲು ಪೂರ್ವಕ್ಕಿದೆಯೇ, ಕಾರು ನಿಲ್ಲಿಸಲು ಜಾಗವಿದೆಯೇ ಎಂದು. ಇವೆಲ್ಲ ಕೇಳಲೇಬೇಕಾದವು. ಆದರೆ ಇವಕ್ಕಿಂತ ಮುಂಚೆ ಕೇಳಬೇಕಾದ್ದು ಇನ್ನೊಂದಿದೆ: ಈ ಬಡಾವಣೆಯನ್ನು ಮಾಡಿದವರು ಯಾರು, ಯಾವಾಗ ಮಾಡಿದರು, ಅದಕ್ಕೆ ಮೊದಲು ಇಲ್ಲಿ ಏನಿತ್ತು? ನಲ್ಲಿಯಲ್ಲಿ ಕಾವೇರಿ ಬರುತ್ತದೋ ಇಲ್ಲವೋ, ಮಳೆ ಹೊಡೆದ ರಾತ್ರಿ ನೆಮ್ಮದಿಯಾಗಿ ಮಲಗಬಹುದೋ ಇಲ್ಲವೋ, ಮುಂದೆ ಮಾರುವಾಗ ಕಾಗದಪತ್ರ ತಕರಾರು ಮಾಡುತ್ತದೋ ಇಲ್ಲವೋ, ಬಹುಪಾಲು ಉತ್ತರ ಇದರೊಳಗೇ ಸಿಗುತ್ತದೆ.

ಈ ಊರು ಒಂದೇ ಕಾಲದಲ್ಲಿ, ಒಂದೇ ಕೈಯಲ್ಲಿ ಬೆಳೆದದ್ದಲ್ಲ. 1898ರ ಪ್ಲೇಗಿನ ಆಸುಪಾಸಿನಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಗಾಳಿ ಬೆಳಕಿಗೆಂದೇ ನೇರ ರಸ್ತೆಗಳನ್ನು ಹಾಕಿ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟರು. 1945ರಲ್ಲಿ ನಗರ ಸುಧಾರಣಾ ಮಂಡಳಿ ಬಂತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. 1976ರಲ್ಲಿ ಆ ಮಂಡಳಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂತು. ಸರ್ಕಾರಿ ಸಂಸ್ಥೆ ನಕ್ಷೆ ಬರೆದು, ಪಾರ್ಕಿಗೆ, ಶಾಲೆಗೆ ಜಾಗ ಬಿಟ್ಟು, ಚರಂಡಿ ತೋಡಿದ ಮೇಲೆ ಜನ ಬಂದು ಮನೆ ಕಟ್ಟಿದ ಪ್ರದೇಶಗಳಿವು. ಗೃಹನಿರ್ಮಾಣ ಸಹಕಾರ ಸಂಘಗಳ ಬಡಾವಣೆಗಳಲ್ಲಿ ಕೆಲವು ಅಚ್ಚುಕಟ್ಟಾಗಿವೆ. ಕೆಲವು ಮಾತ್ರ ಮೂರು ದಶಕವಾದರೂ ಪಾಲಿಕೆಗೆ ಹಸ್ತಾಂತರವಾಗದೆ, ಪಾರ್ಕಿನ ಜಾಗವೇ ಸೈಟಾಗಿ ಕೋರ್ಟು ಹತ್ತಿವೆ.

ಇನ್ನು ರೆವಿನ್ಯೂ ಬಡಾವಣೆಗಳು. ರೈತರ ಹೊಲವನ್ನು ಯಾವ ಪ್ರಾಧಿಕಾರದ ಅನುಮೋದನೆಯೂ ಇಲ್ಲದೆ 30 ಅಡಿಗೆ 40 ಅಡಿಯ ತುಂಡುಗಳಾಗಿ ಕತ್ತರಿಸಿ ಮಾರಿದ ಜಾಗಗಳವು. ಇಲ್ಲಿ ಮೊದಲು ಮನೆ ಏಳುತ್ತದೆ, ಹತ್ತಿಪ್ಪತ್ತು ವರ್ಷದ ಮೇಲೆ ರಸ್ತೆ ಬರುತ್ತದೆ, ಆಮೇಲೆ ಒಳಚರಂಡಿಗೆಂದು ಆ ರಸ್ತೆಯನ್ನೇ ಅಗೆಯುತ್ತಾರೆ. ನಗರದ ದುಡಿಯುವ ಜನರಲ್ಲಿ ಅಸಂಖ್ಯ ಮಂದಿ ನೆಲೆ ಕಂಡದ್ದು ಇಂಥಲ್ಲೇ. ಅದನ್ನು ಅವರ ತಪ್ಪೆಂದು ನಾನು ಹೇಳುವುದಿಲ್ಲ. ಬಿಡಿಎ ಸೈಟಿಗೆ ಅರ್ಜಿ ಹಾಕಿ ಕಾದು ಕಾದು ವಯಸ್ಸು ಮೀರಿದ ಗುಮಾಸ್ತ ಇನ್ನೆಲ್ಲಿಗೆ ಹೋಗಬೇಕಿತ್ತು?

2007ರಲ್ಲಿ ಹಳೆಯ ನೂರು ವಾರ್ಡುಗಳ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. ಮಹದೇವಪುರ, ಕೆ.ಆರ್. ಪುರ, ಬೊಮ್ಮನಹಳ್ಳಿ, ದಾಸರಹಳ್ಳಿ, ಬ್ಯಾಟರಾಯನಪುರ, ಯಲಹಂಕ, ರಾಜರಾಜೇಶ್ವರಿನಗರ, ಜೊತೆಗೆ ಕೆಂಗೇರಿ ನಗರದೊಳಗೆ ಬಂದದ್ದು ಆಗಲೇ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ಕಚೇರಿಯ ಫಲಕ ಬದಲಾಯಿತು. ನೆಲದಡಿಯ ಕೊಳವೆಗಳು 2007ರ ಗೆರೆಯನ್ನು ಇನ್ನೂ ಮರೆತಿಲ್ಲ. ನೀವು ನೋಡುತ್ತಿರುವ ಮನೆ ಆ ಗೆರೆಯ ಒಳಗಿತ್ತೋ ಹೊರಗಿತ್ತೋ ಎಂಬುದನ್ನು ತಿಳಿದುಕೊಳ್ಳದೆ ನೀರಿನ ಮಾತಿಗೆ ಬರುವುದು ಕಷ್ಟ.

ಗೆರೆಯ ಒಳಗಿನವರಿಗೆ ಕಾವೇರಿ ದಶಕಗಳಿಂದ ಬರುತ್ತಿದೆ. ಹೊರಗಿನ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದು ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ನೀರನ್ನು ಪಂಪಿನಿಂದ ಎತ್ತಿ ತರಬೇಕು. ಅಲ್ಲಿಂದ ನೀರು ಬಡಾವಣೆಯ ಜಲಾಗಾರಕ್ಕೆ, ಜಲಾಗಾರದಿಂದ ರಸ್ತೆಗೆ, ರಸ್ತೆಯಿಂದ ನಿಮ್ಮ ಸಂಪಿಗೆ ಬರಬೇಕು. ಇದರಲ್ಲಿ ಯಾವ ಕೊಂಡಿ ತಪ್ಪಿದರೂ ನಲ್ಲಿ ಒಣಗಿರುತ್ತದೆ. ಹಾಗಾಗಿ ಬ್ರೋಶರಿನಲ್ಲಿ ‘ಕಾವೇರಿ ಸಂಪರ್ಕ’ ಎಂದು ಕಂಡರೆ ಮೂರು ವಿಷಯ ವಿಚಾರಿಸಿ: ಜಲಮಂಡಳಿಯ ಬಿಲ್ ಬರುತ್ತಿದೆಯೇ, ವಾರಕ್ಕೆ ಎಷ್ಟು ದಿನ ನೀರು ಬಿಡುತ್ತಾರೆ, ಉಳಿದ ದಿನಗಳಿಗೆ ಏನು ವ್ಯವಸ್ಥೆ. ಬಿಲ್ಲನ್ನು ಕೇಳಿ ಪಡೆದು ಕಣ್ಣಾರೆ ನೋಡಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೆ ಗೊತ್ತಾಯಿತು.

ಕಾವೇರಿ ಇಲ್ಲದ ಕಡೆ ಬೋರ್‌ವೆಲ್, ಅದು ಕೈಕೊಟ್ಟರೆ ಟ್ಯಾಂಕರ್. ನಗರದ ಪೂರ್ವ ಭಾಗದಲ್ಲಿ ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳು ಬೇಕಾದಷ್ಟಿವೆ. 2024ರ ಬೇಸಿಗೆಯಲ್ಲಿ ಪರಿಸ್ಥಿತಿ ಎಷ್ಟು ಬಿಗಡಾಯಿಸಿತೆಂದರೆ, ಜಿಲ್ಲಾಡಳಿತವೇ ಟ್ಯಾಂಕರ್ ದರ ನಿಗದಿ ಮಾಡಬೇಕಾಯಿತು: 5 ಕಿಲೋಮೀಟರಿನೊಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ. ಆ ದರದಲ್ಲೇ ಲೆಕ್ಕ ಹಾಕೋಣ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡ ಹಿಡಿದರೆ ನಾಲ್ವರ ಮನೆಗೆ 540 ಲೀಟರ್; ನೂರು ಮನೆಯ ಅಪಾರ್ಟ್‌ಮೆಂಟಿಗೆ 54,000 ಲೀಟರ್, ಅಂದರೆ ದಿನಕ್ಕೆ ನಾಲ್ಕೂವರೆ ಟ್ಯಾಂಕರ್. ತಿಂಗಳಿಗೆ 1,35,000 ರೂಪಾಯಿ, ಮನೆಗೆ 1,350. ಇದು ಸರ್ಕಾರಿ ದರದ ಲೆಕ್ಕ. ಏಪ್ರಿಲ್‌ ಬಂದರೆ ಆ ದರಕ್ಕೆ ಟ್ಯಾಂಕರಿನವರು ಫೋನೂ ಎತ್ತುವುದಿಲ್ಲ. ಗಡಸು ನೀರಿಗೆ ಸಾಫ್ಟ್‌ನರ್, ಪದೇ ಪದೇ ಕಟ್ಟಿಕೊಳ್ಳುವ ಗೀಸರ್, ಬಿಳಿ ಪೊರೆ ಹಿಡಿದ ನಲ್ಲಿ ಇವೆಲ್ಲ ಬೇರೆ. ಕೊಳ್ಳುವ ಮೊದಲು ಸಂಘದವರಿಂದ ಕಳೆದ ಮಾರ್ಚಿನಿಂದ ಮೇವರೆಗಿನ ಮೈಂಟೆನೆನ್ಸ್ ಲೆಕ್ಕ ಕೇಳಿ. ಜುಲೈ ತಿಂಗಳ ಲೆಕ್ಕ ತೋರಿಸಿದರೆ ಒಪ್ಪಬೇಡಿ.

ನೀರು ಇಲ್ಲದ ಕಷ್ಟ ಒಂದು ಕಡೆಯಾದರೆ, ಬೇಡವೆಂದರೂ ಮನೆಯೊಳಗೆ ನುಗ್ಗುವ ನೀರು ಇನ್ನೊಂದು ಕಡೆ. ಒಂದೇ ಬಡಾವಣೆ ಎರಡನ್ನೂ ಅನುಭವಿಸುವುದುಂಟು. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆ ಇದಕ್ಕೆ ಸಾಕ್ಷಿ. ಅಲ್ಲಿನ ನಿವಾಸಿಗಳು ಮಳೆನೀರು ಇಂಗಿಸಿ, ಬಳಕೆಗೆ ತಕ್ಕ ದರ ಕಟ್ಟಿಕೊಂಡು ನೀರಿನ ನಿರ್ವಹಣೆಗೆ ದೊಡ್ಡ ಹೆಸರು ಮಾಡಿದವರು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಅದೇ ಬಡಾವಣೆಯ ಜನರನ್ನು ಟ್ರ್ಯಾಕ್ಟರ್‌ ಮೇಲೆ ಹೊರಗೆ ಕರೆತರಬೇಕಾಯಿತು. ಅವರು ತಮ್ಮ ಕಾಂಪೌಂಡಿನೊಳಗೆ ಮಾಡಬಹುದಾದ್ದನ್ನೆಲ್ಲ ಮಾಡಿದ್ದರು. ಆದರೆ ಸುತ್ತಲ ಎತ್ತರದ ನೆಲ, ಮೇಲಿನ ಕೆರೆಗಳು, ಕೆಳಗಿನ ಕಿರಿದಾದ ಕಾಲುವೆ ಅವರ ಕೈಯಲ್ಲಿರಲಿಲ್ಲ.

ಇದನ್ನು ಅರಿಯಬೇಕಾದರೆ ಈ ಊರಿನ ನೆಲದ ಏರಿಳಿತ ತಿಳಿದಿರಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ಬಿದ್ದ ಮಳೆ ಮುಖ್ಯವಾಗಿ ಮೂರು ಕಣಿವೆಗಳಿಗೆ ಹಂಚಿಹೋಗುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿ ಸೇರಿ ಕಾವೇರಿಗೆ. ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳದ್ದು ದಕ್ಷಿಣ ಪಿನಾಕಿನಿಗೆ. ದೊಡ್ಡ ನದಿಯಿಲ್ಲದ ಊರಿನಲ್ಲಿ ಹಿರಿಯರು ಇಳಿಜಾರಿನುದ್ದಕ್ಕೂ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಆ ಕಾಲುವೆಗಳೇ ಇಂದಿನ ರಾಜಕಾಲುವೆ. ಮೆಜೆಸ್ಟಿಕ್ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಕೋರಮಂಗಲದ ಬಳಿಯ ಎಸ್.ಟಿ. ಬೆಡ್ ಬಡಾವಣೆಯ ಹೆಸರನ್ನು ಬಿಡಿಸಿ ಓದಿದರೆ ಶ್ರೀನಿವಾಗಿಲು ಕೆರೆಯಂಗಳ ಎಂದೇ ಇದೆ. ಅದನ್ನು ಮಾಡಿದ್ದು ಬಿಡಿಎ. ಸರ್ಕಾರಿ ಬಡಾವಣೆಯೆಂದ ಮಾತ್ರಕ್ಕೆ ನೆಲ ಎತ್ತರದಲ್ಲಿರಬೇಕೆಂದಿಲ್ಲ.

ಯಲಹಂಕದಲ್ಲಿ ಕೇಂದ್ರ ಸರ್ಕಾರಿ ನೌಕರರಿಗಾಗಿ ಕಟ್ಟಿದ ಕೇಂದ್ರೀಯ ವಿಹಾರಕ್ಕೆ 2021ರ ನವೆಂಬರಿನಲ್ಲಿ ನೀರು ನುಗ್ಗಿತು. 2024ರ ಅಕ್ಟೋಬರಿನಲ್ಲಿ ಮತ್ತೆ ನುಗ್ಗಿ ದೋಣಿಗಳಲ್ಲಿ ಜನರನ್ನು ಸಾಗಿಸಬೇಕಾಯಿತು. ಹೊರಮಾವಿನ ಸಾಯಿ ಲೇಔಟ್ 2025ರ ಮೇ ತಿಂಗಳಲ್ಲಿ ಮುಳುಗಿತು. ಅಲ್ಲಿ ರೈಲು ಹಳಿಯ ಕೆಳಗೆ ನೀರು ಹಾಯುವ ಕಿಂಡಿಯೇ ಚಿಕ್ಕದು. ಇವ್ಯಾವುವೂ ಒಮ್ಮೆ ಆಗಿ ಮುಗಿದ ಅನಾಹುತಗಳಲ್ಲ. ಕಾಲುವೆಯನ್ನೋ ಕಿಂಡಿಯನ್ನೋ ದೊಡ್ಡದು ಮಾಡುವವರೆಗೆ ಒಮ್ಮೆ ಮುಳುಗಿದ ಜಾಗ ಇನ್ನೊಮ್ಮೆ ಮುಳುಗುತ್ತದೆ. ಆದ್ದರಿಂದ ಬ್ರೋಕರ್ “ಅದು ಆ ವರ್ಷ ಮಾತ್ರ ಸಾರ್” ಎಂದರೆ, ಅಂದಿನಿಂದ ಇಂದಿಗೆ ಅಲ್ಲಿ ಏನು ಕಾಮಗಾರಿ ಆಗಿದೆ ತೋರಿಸಿ ಎನ್ನಿ.

ನೋಡುವ ಕಣ್ಣಿದ್ದರೆ ಜಾಗವೇ ಬಹಳಷ್ಟು ಹೇಳುತ್ತದೆ. ಮಳೆಗಾಲದಲ್ಲಿ, ಸಾಧ್ಯವಾದರೆ ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ಹೋಗಿ. ಕಾಂಪೌಂಡ್ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಒಂದೇ ಸಮನೆ ಓಡಿದ ಕಂದು ಗೆರೆ ಇದೆಯೇ? ಗೇಟಿನ ಕೆಳಭಾಗಕ್ಕೆ ತಗಡು ಬಡಿದು, ಹೊಸ್ತಿಲಿಗೆ ಸಿಮೆಂಟಿನ ದಿಂಡು ಕಟ್ಟಿದ್ದಾರೆಯೇ? ರಸ್ತೆಗೆ ಪದರದ ಮೇಲೆ ಪದರ ಡಾಂಬರು ಬಿದ್ದು ಹಳೆಯ ಮನೆಗಳ ಅಂಗಳ ತಗ್ಗಾಗಿದೆಯೇ? ಸಂಪಿನ ಮುಚ್ಚಳ ರಸ್ತೆಗಿಂತ ಕೆಳಗಿದ್ದರೆ, ಮಳೆ ಬಂದಾಗ ಚರಂಡಿ ನೀರು ಕುಡಿಯುವ ನೀರಿನೊಳಗೇ ಇಳಿಯುತ್ತದೆ. ಬೇಸ್‌ಮೆಂಟಿಗೆ ಇಳಿದು ಮೂಲೆಯಲ್ಲಿ ಪಂಪು ಇಟ್ಟಿದ್ದಾರೆಯೇ ನೋಡಿ. ಸೇಲ್ಸ್‌ನವರನ್ನು ಬಿಟ್ಟು ಗೇಟಿನ ವಾಚ್‌ಮನ್ ಜೊತೆ ಮಾತಾಡಿ. “ಮಳೆ ಬಂದ್ರೆ ರಾತ್ರಿಯೆಲ್ಲಾ ಮೋಟ್ರು ಓಡ್ತಾನೇ ಇರ್ತದೆ ಸಾರ್” ಎಂದು ಆತ ಸಹಜವಾಗಿ ಹೇಳಿಬಿಡುತ್ತಾನೆ. ಪಕ್ಕದ ಬೀದಿಯ ಇಸ್ತ್ರಿ ಅಂಗಡಿಯವರು, ಹಾಲಿನ ಬೂತಿನವರು, ಮೂಲ ಹಳ್ಳಿಯ ವಯಸ್ಸಾದವರು ಇವರೆಲ್ಲರಿಗೂ ಈ ನೆಲ ಗೊತ್ತು. ನಮ್ಮಜ್ಜನ ಕಾಲಕ್ಕೆ ಇಲ್ಲಿ ಭತ್ತ ಬೆಳೀತಿದ್ರು ಎಂದು ಯಾರಾದರೂ ಅಂದರೆ ಅದು ಕೆರೆ ಅಚ್ಚುಕಟ್ಟಿನ ಗದ್ದೆ. ನೀರು ನಿಲ್ಲುವ ಜಾಗದಲ್ಲೇ ಗದ್ದೆ ಮಾಡುತ್ತಿದ್ದುದು.

ಅದೇ ಪರಿಶೀಲನೆಯನ್ನು ಕಾಗದದ ಮೇಲೂ ಮಾಡಬಹುದು. ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದು ಸೈಟಿನ ಮೇಲೆ ನಿಂತರೆ ಅದು ಯಾವ ಗ್ರಾಮದ ಎಷ್ಟನೇ ಸರ್ವೆ ನಂಬರ್ ಎಂಬುದು ತಿಳಿಯುತ್ತದೆ. ಮೂಲ ಗ್ರಾಮನಕ್ಷೆಯ ಕೆರೆ, ಕಾಲುವೆ, ದಾರಿಗಳೂ ಕಾಣುತ್ತವೆ. ಆ ಸರ್ವೆ ನಂಬರಿನ ಹಳೆಯ ಪಹಣಿ ತೆಗೆಸಿ ಖರಾಬಿನ ಕಲಮನ್ನು ನೋಡಿ. ‘ಬಿ’ ಖರಾಬು ಎಂದಿದ್ದರೆ ಅದು ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ಯಾರು ಎಷ್ಟು ಸಲ ಕ್ರಯ ಮಾಡಿದರೂ ಅದು ಸರ್ಕಾರದ್ದೇ. ಕೆರೆ, ರಾಜಕಾಲುವೆಗಳಿಂದ ಎಷ್ಟು ದೂರ ಬಿಡಬೇಕು ಎಂಬುದಕ್ಕೆ 2015ರ ಮಹಾಯೋಜನೆಯ ಅಳತೆಗಳಿವೆ: ಕೆರೆಯಿಂದ 30 ಮೀಟರ್, ಕಾಲುವೆಯ ನಡುಮಧ್ಯದಿಂದ ದರ್ಜೆಗೆ ತಕ್ಕಂತೆ 50, 25, 15 ಮೀಟರ್. 2016ರಲ್ಲಿ ಹಸಿರು ನ್ಯಾಯಮಂಡಳಿ ಇದನ್ನು ಹೆಚ್ಚಿಸಿತು, 2019ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಕಾನೂನಿನ ಅಳತೆ ಹೀಗೆ ಹಿಗ್ಗಿ ಕುಗ್ಗುವಾಗ ಗೆರೆಯ ಅಂಚಿನಲ್ಲಿ ಮನೆ ಕೊಳ್ಳುವುದೇ ಗಂಡಾಂತರ. ನೀರಿಗಂತೂ ಈ ಯಾವ ಆದೇಶವೂ ತಾಗುವುದಿಲ್ಲ.

2016ರ ಆಗಸ್ಟಿನಲ್ಲಿ ಅವನಿ ಶೃಂಗೇರಿ ನಗರದಲ್ಲಿ ನಡೆದದ್ದನ್ನು ಮನೆ ಕೊಳ್ಳುವ ಯಾರೂ ಮರೆಯಬಾರದು. ರಾಜಕಾಲುವೆ ಒತ್ತುವರಿಯೆಂದು ಜೆಸಿಬಿಗಳು ಬಂದು ಕೆಡವಿದ ಮನೆಗಳವರ ಬಳಿ ನೋಂದಾಯಿತ ಕ್ರಯಪತ್ರವಿತ್ತು, ಖಾತೆಯಿತ್ತು, ಪ್ಲಾನ್ ಮಂಜೂರಾತಿಯಿತ್ತು, ಬ್ಯಾಂಕ್ ಸಾಲವೂ ಇತ್ತು. ಮನೆ ಹೋದ ಮೇಲೂ ಕಂತು ಕಟ್ಟಬೇಕಾದ ಸ್ಥಿತಿ. ಬ್ಯಾಂಕು ಸಾಲ ಕೊಟ್ಟಿದೆಯೆಂದರೆ ಎಲ್ಲ ಸರಿಯಿದೆ ಎಂಬ ನಂಬಿಕೆ ಅಲ್ಲಿಗೆ ಮುರಿದುಬಿತ್ತು. ಬ್ಯಾಂಕಿನ ವಕೀಲರು ನೋಡುವುದು ಮಾಲೀಕತ್ವದ ಸರಪಳಿಯನ್ನು, ನೆಲದ ಚರಿತ್ರೆಯನ್ನಲ್ಲ.

ಖಾತೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಹೆಚ್ಚು. ಖಾತೆ ಎಂಬುದು ತೆರಿಗೆಯ ದಾಖಲೆ. ಮಾಲೀಕತ್ವ ಸಿದ್ಧವಾಗುವುದು ಮೂಲಪತ್ರಗಳಿಂದ. ನಿಯಮ ಮೀರಿದ ಆಸ್ತಿಗಳಿಂದ ತೆರಿಗೆ ವಸೂಲಿಗೆಂದು ಬೇರೆ ರಿಜಿಸ್ಟರಿನಲ್ಲಿ ಬರೆದುಕೊಂಡದ್ದೇ ಬಿ ಖಾತೆ. ಎಂದಾದರೂ ಸಕ್ರಮವಾಗುತ್ತದೆ ಎಂಬ ಭರವಸೆಯಲ್ಲಿ ಅದನ್ನು ಕೊಂಡವರು ಲಕ್ಷಾಂತರ ಮಂದಿ. 2014ರ ಅಕ್ರಮ–ಸಕ್ರಮ ನಿಯಮಗಳಿಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಆಮೇಲೂ ಸರ್ಕಾರಗಳು ಬೇರೆ ಬೇರೆ ದಾರಿ ಹುಡುಕುತ್ತಲೇ ಇವೆ. ಮುಂದೆ ನಿಯಮಬದ್ಧ ಆಸ್ತಿಗಳ ಎ ಖಾತೆ ಆಗುತ್ತದೆ ಎಂಬ ಮಾತಿಗೆ ಇಂದೇ ಬೆಲೆ ಕಟ್ಟಬೇಡಿ. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆ ಬೇಕೇ ಬೇಕು. ಅದಿಲ್ಲದ ಮಾರಾಟಗಾರನಿಗೆ ಮುಂಗಡ ಕೊಡುವುದು ಬೇಡ. ಅಪಾರ್ಟ್‌ಮೆಂಟಾದರೆ ಓಸಿ, ಅಂದರೆ ಸ್ವಾಧೀನ ಪತ್ರ ಕೇಳಿ. ಸ್ವಾಧೀನ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು ಕೊಡಕೂಡದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ, ಕಟ್ಟಿ ಮುಗಿದ ಎಷ್ಟೋ ಮನೆಗಳು ಕರೆಂಟಿಗೆ ಪರದಾಡಿದವು. ಹೊಸ ಪ್ರಾಜೆಕ್ಟಾದರೆ ರೇರಾ ಜಾಲತಾಣದಲ್ಲಿ ಮಂಜೂರಾದ ನಕ್ಷೆಯನ್ನು ನೋಡಿ, ಅದರಲ್ಲಿರುವ ಪಾರ್ಕು ಜಾಗದಲ್ಲೂ ಇದೆಯೇ ಎಂದು ಹೋಗಿ ಪರೀಕ್ಷಿಸಿ. ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರೇ ಸರಿಪಡಿಸಬೇಕೆಂದು ರೇರಾ ಕಾಯ್ದೆಯಲ್ಲಿದೆ. ನೆರೆಹೊರೆಯ ದೋಷಕ್ಕೆ ಮಾತ್ರ ಯಾವ ಕಾಯ್ದೆಯಲ್ಲೂ ಪರಿಹಾರವಿಲ್ಲ.

ಹೊರವಲಯದಲ್ಲಿ ಇನ್ನೊಂದು ಭಯ ಭೂಸ್ವಾಧೀನದ್ದು. ಪೆರಿಫೆರಲ್ ರಿಂಗ್ ರಸ್ತೆಗೆಂದು ಎರಡು ದಶಕದ ಹಿಂದೆ ಗುರುತಿಸಿದ ಜಮೀನಿನವರು ಅತ್ತ ಪರಿಹಾರವೂ ಇಲ್ಲ, ಇತ್ತ ಮಾರಲೂ ಆಗದು ಎಂಬ ಸಂಕಟದಲ್ಲಿ ವರ್ಷಗಟ್ಟಲೆ ಕಳೆದರು. ಅರ್ಕಾವತಿ, ಶಿವರಾಮ ಕಾರಂತ ಬಡಾವಣೆಗಳ ಅಧಿಸೂಚನೆ, ಡಿನೋಟಿಫಿಕೇಶನ್, ಕೋರ್ಟು ಕಥೆ ಇನ್ನೂ ಉದ್ದ. ಸರ್ವೆ ನಂಬರ್ ಹಿಡಿದು ಬಿಡಿಎ ಕಚೇರಿಯಲ್ಲಿ ವಿಚಾರಿಸುವುದಕ್ಕೆ ಅರ್ಧ ದಿನ ಹೋದರೆ ಹೋಗಲಿ.

ಓಡಾಟದ ವಿಷಯದಲ್ಲಿ ನನ್ನ ಮಾತು ಚಿಕ್ಕದು. ಓಡುತ್ತಿರುವ ರೈಲಿಗೆ ಬೆಲೆ ಕೊಡಿ, ಬರಲಿರುವ ರೈಲಿಗೆ ಕೊಡಬೇಡಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗವನ್ನು ನಂಬಿ ಮನೆ ಕೊಂಡವರು ಗಡುವಿನ ಮೇಲೆ ಗಡುವು ದಾಟಿ 2025ರ ಆಗಸ್ಟ್‌ವರೆಗೆ ಕಾದರು. 2022ರ ಜೂನಿನಲ್ಲಿ ಅಡಿಗಲ್ಲು ಬಿದ್ದ 148 ಕಿಲೋಮೀಟರಿನ ಉಪನಗರ ರೈಲು ಯೋಜನೆಯ ಹೆಸರಿನಲ್ಲಿ ಈಗಲೂ ಸೈಟುಗಳು ಮಾರಾಟವಾಗುತ್ತಿವೆ. ನಿಲ್ದಾಣದಿಂದ ಮನೆಗೆ ಒಮ್ಮೆ ಸಂಜೆ ಏಳಕ್ಕೆ ನಡೆದು ನೋಡಿ. ಬೀದಿದೀಪವಿಲ್ಲದೆ, ಫುಟ್‌ಪಾತಿಲ್ಲದೆ ಹೋಗುವ ಆ ಎಂಟುನೂರು ಮೀಟರನ್ನು ನಿಮ್ಮ ಮನೆಯ ಹೆಣ್ಣುಮಕ್ಕಳು, ವಯಸ್ಸಾದವರು ದಿನಾ ನಡೆಯಬೇಕು.

ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದನ್ನೂ ನೋಡಬೇಕು. ನಗರದ ಕಸ ಸುರಿದು ಸುರಿದು ಮಾವಳ್ಳಿಪುರ, ಮಂಡೂರಿನ ಜನ ರೋಸಿಹೋಗಿ ಬೀದಿಗಿಳಿದ ಮೇಲೆ, 2012ರಲ್ಲಿ ಒಂದು ಕಡೆ, 2014ರಲ್ಲಿ ಇನ್ನೊಂದು ಕಡೆ ಸುರಿಯುವುದು ನಿಂತಿತು. ಕಸ ನಿಲ್ಲಲಿಲ್ಲ, ಜಾಗ ಬದಲಾಯಿಸಿತು. ಸಂಸ್ಕರಣಾ ಘಟಕ, ಕಲ್ಲುಕ್ವಾರಿ ಹತ್ತಿರವಿದ್ದರೆ ರಾತ್ರಿ ಹೊತ್ತು ಹೋಗಿ ಉಸಿರೆಳೆದು ನೋಡಿ. ಹಗಲಲ್ಲಿ ಸುಳಿಯದ ನಾತ ಚಳಿಗಾಲದ ರಾತ್ರಿ ನೆಲಕ್ಕಿಳಿದು ಕೂರುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಕೊಳವೆಬಾವಿ ನೀರಿನಲ್ಲಿ ಕ್ರೋಮಿಯಂ ಸೇರಿರುವುದು ಹೊಸ ಸುದ್ದಿಯಲ್ಲ. ಅಂಥ ಕಡೆ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ವರದಿ ಪಡೆಯದೆ ಮುಂದುವರಿಯಬಾರದು.

ಇಷ್ಟೆಲ್ಲ ಹೇಳಿ, ಬಡಾವಣೆಯೆಂದರೆ ಬರೀ ಅಪಾಯಗಳ ಪಟ್ಟಿ ಎಂಬ ಭಾವನೆ ಬರಬಾರದು. ಶನಿವಾರದ ಸಂತೆ, ನಡೆದು ಹೋಗಬಹುದಾದ ಕನ್ನಡ ಶಾಲೆ, ಸಂಜೆ ಅಜ್ಜಂದಿರು ಕೂರುವ ಕಟ್ಟೆ, ಊರಹಬ್ಬದ ದಿನ ತೇರು ಬರುವ ಬೀದಿ, ಇವೂ ಕೊಳ್ಳುವುದರಲ್ಲಿ ಸೇರಿವೆ. ಹೊಸ ಅಪಾರ್ಟ್‌ಮೆಂಟುಗಳು ಎದ್ದಲ್ಲೆಲ್ಲ ಒಂದು ಹಳೆಯ ಹಳ್ಳಿ ಇದ್ದೇ ಇದೆ. ಅಲ್ಲಿನವರ ಜಾತ್ರೆಯ ತಮಟೆ ಸದ್ದಿನ ಮೇಲೆ ದೂರು ಕೊಡಲು ಹೊರಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅವರ ಹೊಲದ ಮೇಲೆಯೇ ನಾವು ಮನೆ ಮಾಡಿರುವುದು. ಕೆರೆ ಉಳಿಸುವ ಸಮಿತಿಯಿರುವ, ವಾರ್ಡಿನ ಎಂಜಿನಿಯರನ್ನು ಕರೆಸಿ ಕೇಳುವ ಜನರಿರುವ ಬಡಾವಣೆ ಸಿಕ್ಕರೆ ಚದರಡಿಗೆ ಇನ್ನೂರು ರೂಪಾಯಿ ಹೆಚ್ಚು ಕೊಡಬಹುದು.

ಆದರೆ ಇಷ್ಟೊಂದು ತನಿಖೆಯನ್ನು ದುಡಿದು ತಿನ್ನುವ ಒಬ್ಬ ಮನುಷ್ಯ ತಾನೇ ಮಾಡಬೇಕೇ? 45 ಲಕ್ಷ ಮೀರಿದ ಮನೆ ಕೊಂಡವರು ಶೇ. 5ರಷ್ಟು ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, 2025ರ ಆಗಸ್ಟಿನ ಕೊನೆಯಿಂದ ಶೇ. 2ರ ನೋಂದಣಿ ಶುಲ್ಕ ಕಟ್ಟುತ್ತಾರೆ. 80 ಲಕ್ಷದ ಮನೆಗೆ ಆರು ಲಕ್ಷ ಮೀರುತ್ತದೆ. ಅಷ್ಟು ಹಣ ಪಡೆಯುವ ಸರ್ಕಾರದ ಬಳಿಯೇ ಗ್ರಾಮನಕ್ಷೆಯಿದೆ, ಕಾಲುವೆಗಳ ನಕ್ಷೆಯಿದೆ, ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಲೆಕ್ಕವಿದೆ, ಜಲಮಂಡಳಿಯ ಕೊಳವೆ ನಕ್ಷೆಯಿದೆ. ಇವೆಲ್ಲ ಬೇರೆ ಬೇರೆ ಇಲಾಖೆಗಳಲ್ಲಿ ಬಿದ್ದಿವೆ. ಇ-ಖಾತೆಗೆ ಮಾಲೀಕನ ಆಧಾರ್, ಆಸ್ತಿಯ ಫೋಟೊ, ವಿದ್ಯುತ್ ಸಂಪರ್ಕದ ಸಂಖ್ಯೆ ಎಲ್ಲವನ್ನೂ ಕೇಳಿ ಪಡೆಯುವ ವ್ಯವಸ್ಥೆ, ಅದೇ ಹಾಳೆಯ ಮೇಲೆ ಮೂರು ಸಾಲು ಹೆಚ್ಚಿಗೆ ಮುದ್ರಿಸಬಹುದು: ಹತ್ತಿರದ ರಾಜಕಾಲುವೆ ಎಷ್ಟು ಮೀಟರ್, ಈ ಬೀದಿಗೆ ಕಳೆದ ಹತ್ತು ವರ್ಷದಲ್ಲಿ ಯಾವಾಗ ನೀರು ನುಗ್ಗಿತ್ತು, ಜಲಮಂಡಳಿಯ ನೀರು ವಾರಕ್ಕೆ ಎಷ್ಟು ದಿನ. ನಿವಾಸಿಗಳ ಸಂಘಗಳು ಹೊಸ ಐದು ಪಾಲಿಕೆಗಳ ಮುಂದೆ ಮೊದಲ ಬೇಡಿಕೆಯಾಗಿ ಇದನ್ನೇ ಇಡಬೇಕು. ಮಂಜೂರಾತಿ ಕೊಟ್ಟ ಅಧಿಕಾರಿಯ ಹೆಸರನ್ನೂ ಅದರಲ್ಲಿ ನಮೂದಿಸಬೇಕು. ನಾಳೆ ಜೆಸಿಬಿ ಬಂದರೆ ಮನೆಯವರ ಜೊತೆ ಆತನೂ ಉತ್ತರ ಕೊಡುವಂತಾಗಬೇಕು.